ಅರವತ್ತೆರಡು ಹೆಸರುಗಳು

ಮಾರ್ಚ್ 2, ಶನಿವಾರ, ಬೆಳಗ್ಗೆ

ಕತ್ತರಿ ಮೊಂಡು. ಮ್ಯಾನೇಜರಿಗೆ ಮೂರನೇ ಸಲ ಹೇಳಿದೆ. "ಹಲ್ಲಲ್ಲಿ ಕಡಿ ಮುನ್ಷಿ, ನಿನ್ನ ಹಲ್ಲು ಗಟ್ಟಿ ಇವೆ" ಅಂದ. ಜಾಲರಿಯ ಒಂದು ಬದಿ ಮುಗಿಸೋಕೇ ಒಂದೂವರೆ ಗಂಟೆ. ಈ ಜನ ಒಂದು ಗಂಟು ಹಾಕಲ್ಲ, ನಾಲ್ಕು ಹಾಕ್ತಾರೆ. ಬಿಟ್ಟರೆ ದರ್ಗಾದ ಗೋರಿಯಲ್ಲಿ ಮಲಗಿರೋ ವಲಿ ಎದ್ದು ಓಡಿಹೋಗ್ತಾರೇನೋ ಅನ್ನೋ ಹಾಗೆ.

ಗುರುವಾರ ಅವರು ಕಟ್ಟೋದು, ಶನಿವಾರ ನಾನು ಕತ್ತರಿಸೋದು. ಹನ್ನೊಂದು ವರ್ಷ. ಗೋರಿಯ ಜಾಲರಿಗೆ ಕಟ್ಟಿದ ಅರ್ಜಿ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊಳೆಗೆ ಹೋಗುತ್ತೆ ಅಂತ ಜನರ ನಂಬಿಕೆ. ಹೋಗುತ್ತೆ, ಸುಳ್ಳಲ್ಲ. ಹೊಳೆಗೆ ಹೋಗೋ ಮುಂಚೆ ಗೆಸ್ಟ್ ಹೌಸಿನ ಹಿಂದಿನ ರೂಮಿಗೆ ಹೋಗುತ್ತೆ, ಅಷ್ಟೆ. ಅಲ್ಲಿ ಉದ್ದನೆ ಮೇಜು. ಮೇಜಿನ ಮೇಲೆ ವೋಟರ್ ಲಿಸ್ಟು. ಬೂತಿಗೊಂದು ರಟ್ಟಿನ ಡಬ್ಬ. ಯಾರ ಮಗ ಜೈಲಲ್ಲಿದ್ದಾನೆ, ಯಾರ ಮನೆಗೆ ನೀರಿಲ್ಲ, ಯಾರ ಗಂಡ ಕುಡೀತಾನೆ, ಯಾವ ಹೆಂಗಸಿಗೆ ಅತ್ತೆ ಸಾಯಲಿ ಅಂತ ಆಸೆ... ಎಲ್ಲ ಬೂತ್‌ವಾರು.

ವಲಿಗೆ ಬರೆದದ್ದನ್ನು ವಲಿಗಿಂತ ಮುಂಚೆ ಓದುವವನು ನಾನು. ಬಾಗಿಲ ಹತ್ತಿರ ಮೇಜು ಹಾಕಿಕೊಂಡು, ಅಕ್ಷರ ಬಾರದವರಿಗೆ ಬರೆದುಕೊಡುವವನೂ ನಾನೇ. ಅಂದರೆ ಕಾಗದದ ಎರಡೂ ತುದಿ ನನ್ನ ಕೈಲೇ.

ಚುನಾವಣೆಗೆ ಒಂದು ತಿಂಗಳು. ಇವತ್ತು ಆರು ಚೀಲ.

ಮಾರ್ಚ್ 5

ಟೈಲರ್ ಬಂದಿದ್ದ. ಕಣ್ಣು ತುಂಬಾ ನೀರು. ದರ್ಗಾ ಮನೆತನದ ಚಿಕ್ಕ ಸಾಹೇಬರು, ಈ ಸಲವೂ ಚುನಾವಣೆಗೆ ನಿಂತವರು, ಅವನ ಅಂಗಡಿ ಮುಂದೆ ಕಾರು ನಿಲ್ಲಿಸಿ, ಗ್ಲಾಸ್ ಇಳಿಸಿ, "ನಿನ್ನ ಮನೆಯವಳ ಹೊಟ್ಟೆನೋವು ಹೇಗಿದೆ? ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು, ಹೇಳಿದ್ದೀನಿ" ಅಂದರಂತೆ.

"ನಾನು ಯಾರಿಗೂ ಹೇಳಿರಲಿಲ್ಲ ಮುನ್ಷಿಯವರೇ. ನನ್ನ ಅಮ್ಮನಿಗೂ ಹೇಳಿರಲಿಲ್ಲ. ವಲಿಗೆ ಮಾತ್ರ ಬರೆದಿದ್ದೆ. ಅವರಿಗೆ ಹೇಗೆ ಗೊತ್ತಾಯ್ತು ಹೇಳಿ?"

"ಅವರದು ವಲಿಯ ರಕ್ತ ಕಣಪ್ಪ" ಅಂದೆ. ಹನ್ನೊಂದು ವರ್ಷದಿಂದ ಅದೇ ಮಾತು. ಬಾಯಲ್ಲಿ ಸವೆದು ನುಣ್ಣಗಾಗಿದೆ.

ಮೊದಮೊದಲು ಚೀಟಿಗಳಿಂದ ಏನೂ ಹುಟ್ಟುತ್ತಿರಲಿಲ್ಲ. "ಬಾವಿ ಪಕ್ಕದ ಮನೆಯವಳು" ಅಂತ ಬರೆದರೆ ಯಾವ ಬಾವಿ, ಯಾವ ಮನೆ? ಮ್ಯಾನೇಜರ್ ತಲೆ ಓಡಿಸಿದ. ಅರ್ಜಿಯಲ್ಲಿ ಹೆಸರು, ತಾಯಿ ಹೆಸರು, ಮನೆ ನಂಬರು — ಮೂರೂ ಇರಬೇಕು, ಇಲ್ಲದಿದ್ದರೆ ವಲಿಗೆ ಗುರುತು ಸಿಗಲ್ಲ, ಅರ್ಜಿ ದಾರಿ ತಪ್ಪುತ್ತೆ. ಹೆಸರು, ಮನೆ ನಂಬರು ಲಿಸ್ಟಿಗೆ ತಾಳೆ ಹಾಕೋಕೆ, ತಾಯಿ ಹೆಸರು ಮಂತ್ರದ ಹಾಗೆ ಕಾಣೋಕೆ. ಯಾವ ಕಿತಾಬಿನಲ್ಲೂ ಇಲ್ಲದ ಈ ನಿಯಮವನ್ನು ಇಡೀ ಊರಿಗೆ ಕಲಿಸಿದವನು ನಾನು. ಈಗ ಮಕ್ಕಳೂ ಹೇಳ್ತವೆ.

ಮಾರ್ಚ್ 8

ನಗು ತಡೆಯೋಕಾಗಲಿಲ್ಲ. ಬರೆದಿಡಬೇಕು.

ದೊಡ್ಡ ಹಜರತರು ದರ್ಗಾದ ಗುರು, ಸಾಹೇಬರಿಬ್ಬರ ಅಪ್ಪ, ವಯಸ್ಸು ಎಂಬತ್ತಾರು. ಕಿವಿ ಮಂದ, ಕಣ್ಣು ಅದಕ್ಕಿಂತ ಮಂದ. ಬೆಳಗ್ಗೆ ಹತ್ತರಿಂದ ಹನ್ನೊಂದರ ತನಕ ದಿವಾನದ ಮೇಲೆ ಕೂರಿಸ್ತಾರೆ. ಬಂದವರು ಬಗ್ಗುತ್ತಾರೆ, ಇವರು ತಲೆ ಮೇಲೆ ಕೈ ಇಡ್ತಾರೆ. ಹಜರತರ ಕೈ ಯಾರ ತಲೆ ಮೇಲೋ ಶಿಷ್ಯರ ವೋಟು ಅವರಿಗೆ. ಅದಕ್ಕೇ ಹುಷಾರಾಗಿ ಒಳಗೆ ಬಿಡೋದು. ಇವತ್ತು ಬುರ್ಖಾ ಹಾಕಿಕೊಂಡ ಹೆಂಗಸರ ಸಾಲಿನಲ್ಲಿ ನರ್ಸಮ್ಮ ಬಂದು ಬಗ್ಗಿದಳು. ಕೈ ಬಿತ್ತು. ಹಿಂದಿದ್ದವಳು ಮೊಬೈಲಲ್ಲಿ ಫೋಟೋ ಹೊಡೆದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಫೋನಲ್ಲೂ.

ನರ್ಸಮ್ಮ ಅಂದರೆ ಇಟ್ಟಿಗೆ ಗೂಡಿನ ಕಾಲೊನಿಯ ಹೆಲ್ತ್ ಸೆಂಟರಿನವಳು. ರಾಜೀನಾಮೆ ಕೊಟ್ಟು ಚಿಕ್ಕ ಸಾಹೇಬರ ಎದುರಿಗೆ ನಿಂತಿದ್ದಾಳೆ. ಕಾಲೊನಿ ಜಾಗ ದರ್ಗಾದ್ದು. ಮನೆಗಳಿಗೆ ಹಕ್ಕುಪತ್ರ ಕೊಡ್ತೀವಿ ಅಂತ ಮೂರು ಚುನಾವಣೆಯಿಂದ ಸಾಹೇಬರು ಹೇಳ್ತಾನೇ ಇದ್ದಾರೆ. ಅವಳು ಅದೊಂದನ್ನೇ ಹಿಡಿದು ಕೂತಿದ್ದಾಳೆ: ಕಾಗದ ಎಲ್ಲಿ?

ಮ್ಯಾನೇಜರ್ ಹಾರಾಡಿದ. "ಮುದುಕರ ಕೈಗೆ ಇನ್ನು ಚೀಲ ಕಟ್ಟಿ ಕೂರಿಸಬೇಕು!" ಪತ್ರಿಕೆಗೆ ಹೇಳಿಕೆ ಬರೆಸಿದ. ಹಜರತರು ರೋಗಿಯೊಬ್ಬರನ್ನು ಹರಸಿದರು, ಅಷ್ಟೇ ಅಂತ.

ಅಣ್ಣ ದೊಡ್ಡ ಸಾಹೇಬರು ಆಳುವ ಪಕ್ಷ, ತಮ್ಮ ಚಿಕ್ಕವರು ವಿರೋಧ ಪಕ್ಷ. ಒಂದೇ ಅಡುಗೆಮನೆ. ಸರ್ಕಾರ ಯಾವುದೇ ಬರಲಿ, ಮನೆ ಮುಂದೆ ಕೆಂಪು ದೀಪದ ಕಾರು ಇದ್ದೇ ಇರುತ್ತೆ. ಇದಕ್ಕೆ ಜನ ಬರ್ಕತ್, ವಲಿಯ ಕೃಪೆ, ಅಂತಾರೆ. ನಾನೂ ಅಂತೀನಿ, ಜೋರಾಗಿ.

ಮಾರ್ಚ್ 14, ಗುರುವಾರ

ಅಕ್ಕ ಬಂದಿದ್ದಳು. ಎರಡು ವರ್ಷದ ಮೇಲೆ. ಮೈಮೇಲೆ ಇಟ್ಟಿಗೆ ಗೂಡಿನ ಕೆಂಪು ಧೂಳು, ಕೈಯಲ್ಲಿ ಅದೇ ಜಡ್ಡು. ಸಾಲಿನಲ್ಲೇ ನಿಂತು ಬಂದಳು, ತಮ್ಮ ಅಂತ ಮುಂದೆ ನುಗ್ಗಲಿಲ್ಲ.

"ಕೂತ್ಕೋ. ಏನು ಬರೀಲಿ?"

"ನಿನ್ನ ಕೈಲಿ ಬರೆಸೋಕೆ ಬಂದಿಲ್ಲ. ನಮ್ಮ ಕಾಲೊನೀಲೂ ಈಗ ಬರೆಯೋರಿದ್ದಾರೆ. ಒಂದು ಕೇಳ್ಬೇಕಿತ್ತು."

"ಕೇಳು."

"ತುಂಬಾ ಜನ ಸೇರಿ ಒಂದೇ ಅರ್ಜಿ ಕೊಟ್ರೆ ವಲಿಗೆ ಮುಟ್ಟುತ್ತಾ? ಒಬ್ಬೊಬ್ಬರದೂ ಬೇರೆ ಬೇರೆ ಇರಬೇಕಾ?"

ಹಿಂದೆ ನಲವತ್ತು ಜನ. ಬಿಸಿಲು. ತಲೆ ಎತ್ತದೆ ಹೇಳಿಬಿಟ್ಟೆ: "ಒಂದೇ ಸಾಕು. ಆದರೆ ಎಲ್ಲರದೂ ಹೆಸರು, ತಾಯಿ ಹೆಸರು, ಮನೆ ನಂಬರು ಇರಬೇಕು. ಹೆಬ್ಬೆಟ್ಟು ಒತ್ತಿದರೆ ಇನ್ನೂ ಒಳ್ಳೇದು."

"ಸರಿ ಕಣೋ." ಎದ್ದಳು. ನನ್ನ ಪೆನ್ನು, ಮೇಜು, ಇಸ್ತ್ರಿ ಅಂಗಿ ಎಲ್ಲ ಒಂದು ಸಲ ನೋಡಿದಳು. "ಚೆನ್ನಾಗಿದ್ದೀಯ. ಬಿಸಿಲು ತಾಗದ ಕೆಲಸ."

ನನಗೆ ಅಕ್ಷರ ಕೊಡಿಸಿದ್ದು ಅವಳ ತಲೆ ಮೇಲಿನ ಇಟ್ಟಿಗೆ. ಒಂಬತ್ತನೇ ವಯಸ್ಸಿಗೆ ಗೂಡಿಗೆ ಸೇರಿದಳು, ನಾನು ಸ್ಕೂಲಿಗೆ. ಇದನ್ನ ಅವಳು ಯಾವತ್ತೂ ಆಡಿ ತೋರಿಸಿಲ್ಲ. ಅದೇ ಕಷ್ಟ.

ಮಾರ್ಚ್ 16, ಶನಿವಾರ, ಮಧ್ಯಾಹ್ನ

ಬಾಗಿಲಿಗೆ ಚಿಲಕ ಹಾಕಿ ಕೂತಿದ್ದೀನಿ. ಬರೀತೀನಿ.

ಇವತ್ತು ಕತ್ತರಿಸುವಾಗ ಮ್ಯಾನೇಜರ್ ಪಕ್ಕದಲ್ಲೇ ಇದ್ದ. ಚುನಾವಣೆ ಹತ್ತಿರ ಬಂತಲ್ಲ, ಅವನಿಗೂ ನಿದ್ದೆ ಇಲ್ಲ. ಪಶ್ಚಿಮದ ಮೂಲೆಯಲ್ಲಿ ಒಂದು ದಪ್ಪ ಸುರುಳಿ. ನೋಟ್‌ಬುಕ್ಕಿನ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಸುತ್ತಿದ್ದು. ನಾನು ಕೈ ಹಾಕೋಷ್ಟರಲ್ಲಿ ಅವನೇ ತೆಗೆದ.

"ಏನಿದು, ಮದುವೆ ಕಾಗದವಾ?" ಬಿಡಿಸಿದ. ಎರಡು ಸಾಲು ಓದಿದ. ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ. "ಮುನ್ಷಿ, ಇಟ್ಟಿಗೆಯವರು ನರ್ಸಮ್ಮನಿಗೆ ಹಾಕ್ತಾರಂತೆ! ಹರಕೆ ಹೊತ್ತಿದ್ದಾರೆ! ಸಾಯಂಕಾಲದೊಳಗೆ ಇದನ್ನ ಲಿಸ್ಟಿಗೆ ತಾಳೆ ಹಾಕಿ ಫೇರ್ ಕಾಪಿ ಮಾಡಿಕೊಡು. ಸಾಹೇಬರಿಗೆ ಬೇಕು."

ನನ್ನ ಕೈಗೆ ಕೊಟ್ಟು ಹೋದ. ಅಷ್ಟು ನಂಬಿಕೆ ನನ್ನ ಮೇಲೆ.

ಓದಿದೆ. ಯಾರೋ ಸ್ಕೂಲ್ ಹುಡುಗಿಯ ದುಂಡು ಅಕ್ಷರ:

"ವಲಿಯವರ ಪಾದಕ್ಕೆ. ನಾವು ಅರವತ್ತಮೂರು ಮನೆಯವರು ಈ ಸಲ ನರ್ಸಮ್ಮನಿಗೆ ವೋಟು ಹಾಕೋದು ಅಂತ ಮಾತು ಕೊಟ್ಟುಕೊಂಡಿದ್ದೀವಿ. ಚಿಕ್ಕ ಸಾಹೇಬರು ಬಂದಾಗ ನಿಮಗೇ ಅಂತ ತಲೆ ಆಡಿಸ್ತೀವಿ. ಅದು ಸುಳ್ಳು, ಕ್ಷಮಿಸಬೇಕು. ಅವರು ನಿಮ್ಮ ಮನೆ ಮಕ್ಕಳು, ನಿಮಗೆ ಬೇಜಾರಾಗಬಾರದು. ನಮಗೂ ಮನೆ ಬೇಕು. ನಮ್ಮಲ್ಲಿ ಯಾರೂ ಹೆದರಿ ಮಾತು ತಪ್ಪದ ಹಾಗೆ ನೋಡಿಕೊಳ್ಳಿ. ದಯವಿಟ್ಟು ಇದನ್ನ ನಿಮ್ಮ ಮನೆಯವರಿಗೆ ಹೇಳಬೇಡಿ."

ಕೆಳಗೆ ಹೆಸರು. ತಾಯಿ ಹೆಸರು. ಮನೆ ನಂಬರು. ಹೆಬ್ಬೆಟ್ಟು. ಅರವತ್ತಮೂರು. ಒಂದೂ ತಪ್ಪಿಲ್ಲ. ನಾನು ಹೇಳಿಕೊಟ್ಟ ಹಾಗೇ.

ಬೂತಿನಲ್ಲಿ ಪರದೆ ಕಟ್ಟಿ, ರಟ್ಟು ಇಟ್ಟು, ಪೊಲೀಸರನ್ನು ನಿಲ್ಲಿಸಿ ವೋಟು ಗುಟ್ಟಾಗಿಡ್ತಾರಂತೆ. ಥೂ.

ಮಾರ್ಚ್ 16, ರಾತ್ರಿ 9

ಮಾಡಿಕೊಟ್ಟೆ.

ಹರಿದು ಹಾಕಬಹುದಿತ್ತು. ಅವನು ಓದಿಬಿಟ್ಟಿದ್ದ. ಹೆಸರು ಬದಲಾಯಿಸಬಹುದಿತ್ತು, ಹತ್ತು ಮಾತ್ರ ಬರೆದು ಉಳಿದದ್ದು ಅಳಿಸಿಹೋಗಿದೆ ಅನ್ನಬಹುದಿತ್ತು. ಇದೆಲ್ಲ ಈಗ ಹೊಳೀತಿದೆ. ಆಗ ಹೊಳೆದದ್ದು ದರ್ಗಾದ ಶೂ ಸ್ಟ್ಯಾಂಡಿನ ಹಿಂದೆ ಅವರು ಕೊಟ್ಟಿರುವ ನನ್ನ ಎರಡು ರೂಮಿನ ಕ್ವಾರ್ಟರ್ಸು. ಮನೆಯವಳು ಒಣಗಲು ಹಾಕಿದ್ದ ಬಟ್ಟೆ ಕಿಟಕಿಯಿಂದ ಕಾಣ್ತಿತ್ತು. ಅಷ್ಟು ಸಾಕಾಯ್ತು ನನಗೆ.

ಒಂದೇ ಒಂದು ಕೆಲಸ ಮಾಡಿದೆ. ಹದಿನೇಳನೇ ನಂಬರಿನ ಮನೆ ಬಿಟ್ಟೆ. ಅಕ್ಕನದು. ಹದಿನಾರಾದ ಮೇಲೆ ಹದಿನೆಂಟು. ಮೂಲ ಕಾಗದ ಒಲೆಗೆ ಹಾಕಿದೆ. ಅರವತ್ತೆರಡು ಹೆಸರು, ನನ್ನ ಮುತ್ತಿನಂಥ ಅಕ್ಷರದಲ್ಲಿ, ವೋಟರ್ ಲಿಸ್ಟಿನ ಕ್ರಮಸಂಖ್ಯೆ ಸಮೇತ.

ಅಕ್ಕನನ್ನಾದರೂ ಉಳಿಸಿದೆನಲ್ಲ ಅಂತ ಸಮಾಧಾನ. ಊಟ ಸೇರಿತು. ಇದನ್ನೂ ಬರೆದಿಡ್ತೀನಿ — ಊಟ ಸೇರಿತು.

ಮಾರ್ಚ್ 19, ಮಂಗಳವಾರ

"ನೀನೂ ಬಾ ಮುನ್ಷಿ, ನಿಮ್ಮಕ್ಕನ ಕಾಲೊನಿ ತಾನೇ?" ಅಂತ ಮ್ಯಾನೇಜರ್ ಜೀಪು ಹತ್ತಿಸಿದ.

ಕಾಲೊನಿ ನಡುವಿನ ನಲ್ಲಿ ಹತ್ತಿರ ಕುರ್ಚಿ. ಚಿಕ್ಕ ಸಾಹೇಬರು ಬಿಳಿ ಬಟ್ಟೆ, ಹಸಿರು ಶಾಲು. ಭಾಷಣ ಇಲ್ಲ. ಬೈಗುಳ ಇಲ್ಲ. ಕಣ್ಣು ಅರ್ಧ ಮುಚ್ಚಿ, ತೊಡೆ ಮೇಲೆ ಜಪಮಣಿ ಇಟ್ಟುಕೊಂಡು ಕೂತರು. ಮಣಿಯ ಕೆಳಗೆ ಮಡಿಸಿದ ಹಾಳೆ. ನನಗೆ ಮಾತ್ರ ಗೊತ್ತು.

"ಮೂರು ದಿನದಿಂದ ನಿದ್ದೆಯಿಲ್ಲ" ಅಂದರು, ಮೆಲ್ಲಗೆ. "ವಲಿ ಕನಸಲ್ಲಿ ಬರ್ತಿದ್ದಾರೆ. ನಿನ್ನ ಮಕ್ಕಳು ನಿನ್ನ ಮೇಲೆ ಮುನಿಸ್ಕೊಂಡಿದ್ದಾರೆ, ಹೋಗಿ ಮಾತಾಡಿಸು ಅಂತಾರೆ. ಯಾರು ಬಾಬಾ ಅಂತ ಕೇಳಿದೆ. ಒಬ್ಬೊಬ್ಬರನ್ನೇ ಹೇಳಿದರು."

ಶುರು ಮಾಡಿದರು. ಒಂದನೇ ನಂಬರು — ಹೆಸರು, ತಾಯಿ ಹೆಸರು. ಎರಡನೇ ನಂಬರು. ಮೂರನೇದು. ಸತ್ತು ಮೂವತ್ತು ವರ್ಷವಾದ ತಾಯಂದಿರ ಹೆಸರು, ಮೊಮ್ಮಕ್ಕಳಿಗೂ ಗೊತ್ತಿಲ್ಲದ ಹೆಸರು, ಸಾಹೇಬರ ಬಾಯಿಂದ ಜೇನಿನ ಹಾಗೆ. ಹೆಸರು ಬಂದವರು ನಿಂತಲ್ಲೇ ಕುಸಿದರು. ಒಬ್ಬ ಮುದುಕ, ಗೂಡಿಗೆ ಬೆಂಕಿ ಹಾಕುವವ, ಗಳಗಳ ಅತ್ತ: "ನಮ್ಮಮ್ಮನ ಹೆಸರು... ವಲಿ ಬಾಯಲ್ಲಿ ನಮ್ಮಮ್ಮನ ಹೆಸರು..."

ಹದಿನೈದು. ಹದಿನಾರು.

ಹದಿನೆಂಟು.

ಅವರು ನಿಲ್ಲಲಿಲ್ಲ, ಅವರಿಗೆ ಗೊತ್ತೂ ಆಗಲಿಲ್ಲ. ಕಾಲೊನಿಗೆ ಗೊತ್ತಾಯ್ತು. ಒಂದೊಂದೇ ತಲೆ ತಿರುಗಿತು. ಅಕ್ಕ ನಲ್ಲಿ ಪಕ್ಕ ನಿಂತಿದ್ದಳು, ಕೊಡ ಸೊಂಟದ ಮೇಲೆ. ಅವಳು ಜನರನ್ನು ನೋಡಲಿಲ್ಲ. ಜೀಪಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿದಳು.

ಅರವತ್ತೆರಡೂ ಮುಗಿಯೋ ತನಕ ನೋಡ್ತಾನೇ ಇದ್ದಳು.

ಮಾರ್ಚ್ 28, ಗುರುವಾರ

ಒಂಬತ್ತು ದಿನ ಬರೆದಿಲ್ಲ. ಬರೆಯೋದಿಕ್ಕೆ ಏನಿದೆ?

ಸಾಲಿನಲ್ಲಿ ಅಕ್ಕ. ಇವತ್ತು ಕೂತಳು. ಎದುರಿಗೆ, ಅರ್ಜಿದಾರಳ ಸ್ಟೂಲಿನ ಮೇಲೆ.

"ಕಾಲೊನೀಲಿ ಎರಡು ಪಾರ್ಟಿ ಆಗಿದೆ" ಅಂದಳು. ಬೇರೆಯವರ ಮನೆ ಸುದ್ದಿ ಹೇಳೋ ಹಾಗೆ. "ಅರ್ಧ ಜನ, ವಲಿನೇ ಅವರ ಕಡೆ ಹೋದ್ರು, ಇನ್ನು ನರ್ಸಮ್ಮನಿಗೆ ಹಾಕಿದ್ರೆ ಮಕ್ಕಳು ಮರಿ ಉಳಿಯಲ್ಲ ಅಂತಾರೆ. ಇನ್ನರ್ಧ ಜನ, ಯಾರೋ ಹೇಳಿದ್ದಾರೆ ಅಂತಾರೆ. ಯಾರು ಅಂತ ಬಾಯಿ ಬಿಟ್ಟು ಹೇಳಲ್ಲ. ನಾನು ಹೋದ್ರೆ ಮಾತು ನಿಲ್ಲಿಸ್ತಾರೆ."

"ಅಕ್ಕಾ..."

"ಚೀಟಿ ಎಲ್ಲಾ ನೀನೇ ಕತ್ತರಿಸೋದಾ?"

"ಹೂಂ."

"ಎಲ್ಲಾ ಓದ್ತಾರಾ?"

"ಹೂಂ."

"ಎಷ್ಟು ವರ್ಷದಿಂದ?"

ಹೇಳಿದೆ. ಅವಳು ಬಾಯಲ್ಲೇ ಏನೋ ಲೆಕ್ಕ ಹಾಕಿದಳು. ಅವಳ ಗಂಡ ಕೆಮ್ಮಿ ಕೆಮ್ಮಿ ಸತ್ತ ವರ್ಷ, ಮಗು ಹೋದ ವರ್ಷ, ಆವಾಗ ಕಟ್ಟಿದ್ದ ಚೀಟಿಗಳು... ಎಲ್ಲ ಒಂದೊಂದೇ ಮುಖದ ಮೇಲೆ ಹಾದುಹೋದವು. ಅವೂ ನಾನು ಓದಿದ್ದೆ. ಬೂತ್ ನಂಬರ್ ಹಾಕಿದ್ದೆ.

"ನೀನು ಬಂದು ಹೇಳ್ತೀಯಾ?" ಅಂದಳು. "ಕಾಲೊನಿ ಮುಂದೆ ನಿಂತ್ಕೊಂಡು. ವಲಿ ಹೇಳಿಲ್ಲ, ಕನಸೂ ಇಲ್ಲ ಮಣ್ಣೂ ಇಲ್ಲ, ನಾನೇ ಬರ್ಕೊಟ್ಟೆ ಅಂತ. ನಾನು ಹೇಳಿದ್ರೆ ಯಾರೂ ನಂಬಲ್ಲ. ದರ್ಗಾದ ಮೇಲೆ ಅಪವಾದ ಹೊರಿಸ್ತಾಳೆ ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ಬರ್ತೀಯಾ?"

ಮ್ಯಾನೇಜರ್ ಮೇಲಿನ ಕಿಟಕಿಯಲ್ಲಿ ಹಲ್ಲು ಕಡ್ಡಿ ಆಡಿಸ್ತಾ ನಿಂತಿದ್ದ. ನಾನು ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ. ತೆಗೆದೆ.

"ಗೊತ್ತಿತ್ತು" ಅಂದಳು. ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ನಾನೇ ಒಪ್ಕೊಳ್ತೀನಿ."

"ಏನು ಒಪ್ಕೊಳ್ತೀಯ?"

"ಸಾಹೇಬರಿಗೆ ಹೇಳಿದ್ದು ನಾನೇ ಅಂತ. ತಮ್ಮ ಅಲ್ಲೇ ಇದ್ದಾನೆ, ಆಸೆ ತೋರಿಸಿದ್ರು, ಹೇಳ್ಬಿಟ್ಟೆ ಅಂತ."

"ತಲೆ ಕೆಟ್ಟಿದೆಯಾ ನಿನಗೆ? ಚಿಂದಿ ಮಾಡ್ತಾರೆ!"

"ಮಾಡ್ಲಿ. ಮನುಷ್ಯರು ಮೋಸ ಮಾಡಿದ್ರೆ ಉಗೀಬಹುದು ಕಣೋ. ವಲಿನೇ ಕೈ ಬಿಟ್ಟ ಅಂದ್ರೆ ಜನ ಏನು ಮಾಡ್ತಾರೆ? ಬಗ್ಗಿ ಹೋಗಿ ಅವರಿಗೇ ಹಾಕ್ತಾರೆ. ವಲಿ ಏನೂ ಹೇಳಿಲ್ಲ, ಈ ಮುಂಡೇದು ಹೇಳಿದ್ದು ಅಂತ ಗೊತ್ತಾದ್ರೆ ಧೈರ್ಯ ಬರುತ್ತೆ. ನನ್ನ ಮೇಲಿನ ಸಿಟ್ಟಿಗಾದ್ರೂ ಹಾಕ್ತಾರೆ."

ಎದ್ದಳು. ಹಿಂದಿದ್ದ ಹೆಂಗಸಿಗೆ ಸ್ಟೂಲ್ ಒರೆಸಿಕೊಟ್ಟಳು. "ಕೂತ್ಕೊಳ್ಳಮ್ಮಾ. ಚೆನ್ನಾಗಿ ಬರೀತಾನೆ."

ಏಪ್ರಿಲ್ 1

ಒಪ್ಪಿಕೊಂಡಳಂತೆ. ಇಟ್ಟಿಗೆ ಲಾರಿಯ ಡ್ರೈವರ್ ಹೇಳಿದ. ನಲ್ಲಿ ಮುಂದೆ, ಎಲ್ಲರೂ ಇದ್ದಾಗ. ಒಬ್ಬಳು ಚಪ್ಪಲಿ ತೆಗೆದು ಹೊಡೆದಳಂತೆ, ಅಕ್ಕನ ಜೊತೆ ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತವಳು. ಬೆಂಕಿ ಹಾಕುವ ಮುದುಕ ಮಾತ್ರ ನಕ್ಕನಂತೆ, ಖುಷಿಯಿಂದ. "ಹಾಗಾದ್ರೆ ವಲಿ ಹೇಳಿಲ್ಲ! ವಲಿ ಹೇಳಿಲ್ಲ!" ಅಂತ ಕಾಲೊನಿಯೆಲ್ಲ ಸುತ್ತಿದನಂತೆ.

"ಎಂಥಾ ಹೆಂಗಸು ರೀ ಅವಳು" ಅಂದ ಡ್ರೈವರ್. "ತನ್ನವರನ್ನೇ ಮಾರಿದಳಲ್ಲ."

ಹೌದಪ್ಪ ಅಂದೆ. ಅವಳು ನನ್ನಕ್ಕ ಅನ್ನಲಿಲ್ಲ.

ಏಪ್ರಿಲ್ 3, ಬುಧವಾರ, ಮತದಾನ

ನನ್ನ ಬೂತು ದರ್ಗಾ ಸ್ಕೂಲಿನಲ್ಲಿ. ಪರದೆ ಹಿಂದೆ ಹೋದೆ. ಹನ್ನೊಂದು ವರ್ಷ ಜನರ ಗುಟ್ಟು ಓದಿದವನಿಗೆ ನನ್ನದೇ ಗುಟ್ಟು ಅಂತ ಸಿಕ್ಕಿದ್ದು ಅರ್ಧ ನಿಮಿಷ. ನರ್ಸಮ್ಮನಿಗೆ ಹಾಕಿದೆ. ಹೊರಗೆ ಬಂದು ಮ್ಯಾನೇಜರಿಗೆ ಹಲ್ಲು ಬಿಟ್ಟೆ. ದೊಡ್ಡ ಕ್ರಾಂತಿ!

ಏಪ್ರಿಲ್ 6, ಶನಿವಾರ

ಚಿಕ್ಕ ಸಾಹೇಬರು ಗೆದ್ದರು. ಹದಿನಾಲ್ಕು ಸಾವಿರದ ಅಂತರ. ಪಟಾಕಿ, ಹಾರ, ದೊಡ್ಡ ಹಜರತರನ್ನು ಬಾಲ್ಕನಿಗೆ ಎತ್ತಿ ತಂದು ಕೈ ಎತ್ತಿಸಿದರು. ಯಾತಕ್ಕೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಹಿಂದಿನ ರೂಮಿನಲ್ಲಿ ಬೂತ್‌ವಾರು ಲೆಕ್ಕ ಬಂತು. ಕಾಲೊನಿ ಬೂತು: ನರ್ಸಮ್ಮ 171, ಸಾಹೇಬರು 29.

ಮ್ಯಾನೇಜರ್ ಆ ಸಾಲಿನ ಮೇಲೆ ಬೆರಳಿಟ್ಟ. "ಹೆಸರು ಹಿಡಿದು ಕೂಗಿದರೂ ಹೀಗೆ ಹಾಕ್ತಾರೆ ಅಂದರೆ... ಅವರಿಗೆ ಯಾರು ಹೇಳಿಕೊಟ್ಟರು ಮುನ್ಷಿ?"

"ಗೊತ್ತಿಲ್ಲ ಸಾರ್."

"ಹಕ್ಕುಪತ್ರ ಬೇಕಂತೆ ಹಕ್ಕುಪತ್ರ. ನೆಕ್ಕಲಿ."

ಆ ಬೂತಿನಲ್ಲಿ ಈ ಮನೆತನ ಸೋತಿದ್ದು ಇದೇ ಮೊದಲು. ಹಜರತರ ಅಪ್ಪನ ಕಾಲದಿಂದ ಇದೇ ಮೊದಲು. ಗೆಲ್ಲಿಸಿದವಳ ಹೆಸರು ಯಾವ ಲಿಸ್ಟಿನಲ್ಲೂ ಇಲ್ಲ. ನಾನೇ ತೆಗೆದುಹಾಕಿದ್ದೆನಲ್ಲ.

ಏಪ್ರಿಲ್ 8, ಸೋಮವಾರ

ಅಕ್ಕನ ಪಾತ್ರೆಪಗಡ ರಸ್ತೆಗೆ ಎಸೆದಿದ್ದಾರೆ. ಸಾಹೇಬರ ಕಡೆಯವರಲ್ಲ, ಕಾಲೊನಿಯವರೇ. ಗೆದ್ದ ಹುರುಪಿನಲ್ಲಿ. ಬೂತು ಗೆದ್ದವರಿಗೆ ಮೊದಲು ಹೊಳೆದದ್ದು ಅದು. ಇಟ್ಟಿಗೆ ಒಣಗಿಸುವ ಶೆಡ್ಡಿನಲ್ಲಿ ಮಲಗ್ತಿದ್ದಾಳೆ. ಗೂಡಿನ ಮೇಸ್ತ್ರಿಯೂ ಕೆಲಸ ಕೊಟ್ಟಿಲ್ಲ. ಅವಳ ಜೊತೆ ಸಾಲಿನಲ್ಲಿ ನಿಲ್ಲೋಕೆ ಯಾರೂ ಒಪ್ಪಲ್ಲವಂತೆ.

ಹೋಗಿದ್ದೆ. "ನಮ್ಮ ಮನೆಗೆ ಬಾ ಅಕ್ಕಾ."

"ನಿಮ್ಮ ಮನೆ ಯಾವುದು?" ಅಂದಳು. "ಅದೂ ಅವರದೇ ಅಲ್ವಾ?"

ಮುಖದ ಮೇಲೆ ಚಪ್ಪಲಿಯ ಗಾಯ ಕಪ್ಪಾಗಿದೆ. ಕೇಳಿದೆ, ಈಗಲಾದರೂ ಹೇಳಲಾ ಅಂತ. ಚುನಾವಣೆ ಮುಗೀತಲ್ಲ.

ಅವಳು ಒಂದು ಹಸಿ ಇಟ್ಟಿಗೆಯನ್ನು ಮಗ್ಗುಲು ತಿರುಗಿಸಿಟ್ಟಳು. ಕೆಲಸ ಕೊಡದಿದ್ದರೂ ಕೈ ಸುಮ್ಮನಿರಲ್ಲ. "ಕೇಳೋದು ನನ್ನನ್ನಾ?" ಅಂದಳು. "ಅವತ್ತು ಬರ್ಕೊಡೋವಾಗ ನನ್ನ ಕೇಳಿದ್ಯಾ?"

ಏಪ್ರಿಲ್ 10, ಮಧ್ಯಾಹ್ನ 3.40

ಕಾಲೊನಿ. ನಲ್ಲಿ ಕಟ್ಟೆ ಮೇಲೆ ಕೂತು ಬರೀತಿದ್ದೀನಿ. ಮನೆಯವಳಿಗೆ ಬೆಳಗ್ಗೆ ಎಲ್ಲ ಹೇಳಿದೆ. "ಎಲ್ಲಿಗೆ ಹೋಗೋದು ನಾವು?" ಅಂತ ಕೇಳಿದಳು. ಅವಳು ಟ್ರಂಕು ಕೆಳಗಿಳಿಸಿದಳು. ನನ್ನನ್ನ ತಡೀಲಿಲ್ಲ.

ನಾಲ್ಕಕ್ಕೆ ಪಾಳಿ ಬಿಡ್ತಾರೆ. ಎಲ್ಲರೂ ಇಲ್ಲಿಗೇ ಬರೋದು, ಕೈಕಾಲು ತೊಳೆಯೋಕೆ. ನಾನು ಬಂದದ್ದನ್ನು ಶೆಡ್ಡಿನಿಂದ ಅಕ್ಕ ನೋಡಿದಳು. ಹತ್ತಿರ ಬರಲಿಲ್ಲ. ಬಾಗಿಲಿಗೆ ಒರಗಿ ನಿಂತಿದ್ದಾಳೆ.

ಬಾಯಲ್ಲಿ ಹೇಳೋಕೆ ಹೋದರೆ ನಾಲಿಗೆ ಹೊರಳುತ್ತೆ. ನನ್ನ ನಾಲಿಗೆ ನನಗೆ ಗೊತ್ತು. ಅದಕ್ಕೇ ಬರೆದುಕೊಂಡು ಓದ್ತೀನಿ. ಹೊಡೆದರೆ ಹೊಡೀಲಿ, ಪೂರ್ತಿ ಓದಿ ಮುಗಿಸಿದ ಮೇಲೆ ಹೊಡೀಲಿ.

"ನನ್ನಕ್ಕ ಯಾರಿಗೂ ಏನೂ ಹೇಳಿಲ್ಲ. ವಲಿಯೂ ಹೇಳಿಲ್ಲ. ಜಾಲರಿಗೆ ನೀವು ಕಟ್ಟಿದ್ದನ್ನು ಶನಿವಾರ ಬೆಳಗ್ಗೆ ಕತ್ತರಿಸಿ, ಬಿಡಿಸಿ, ಓದಿ, ಅವರ ಕೈಗೆ ಕೊಟ್ಟವನು"

ಗಂಟೆ ಹೊಡೆದರು. ಬರ್ತಿದ್ದಾರೆ. ಮುಂದೆ ಆ ಮುದುಕ, ನನ್ನ ಗುರುತು ಹಿಡಿದ, ಕೈ ಎತ್ತಿ ಸಲಾಂ ಮಾಡ್ತಿದ್ದಾನೆ, ಅವನಿಗಿನ್ನೂ ಗೊತ್ತಿಲ್ಲ. ಏಳ್ತೀನಿ, ಬರೆಯದೆ ಬಿಟ್ಟ ಪದ ಬಾಯಲ್ಲೇ ಹೇಳ್ತೀನಿ: ನಾನು.